ಅಳಿಯನ ಪಾಲು

“ಹುಳಿ ಜಾಸ್ತಿ,” ಎಂದ ಕುವಾತ್, ಕಣ್ಣು ಮುಚ್ಚಿಕೊಂಡೇ. “ಆದ್ರೆ ಡಬ್ಬಿ ವಾಪಸ್ ಕೊಡಲ್ಲ.”

“ಹುಳಿ ಜಾಸ್ತಿ ಅಂದ್ಮೇಲೆ ಯಾಕ್ರೀ ತಿಂತಿದೀರಿ?”

“ಒಂದೇ ತುತ್ತಿಗೆ ತೀರ್ಮಾನ ಮಾಡಬಾರದು ಅಂತ ನೀವೇ ಅಲ್ವಾ ಹೇಳೋದು?”

ಕಮ್ಷಾತ್ ನಗು ತಡೆದುಕೊಂಡು ಕಿಟಕಿಯ ಕಡೆ ತಿರುಗಿದಳು. ತಾಲ್ದಿಕೋರ್ಗಾನ್ ಪಟ್ಟಣದ ಬೀಜ ಪರೀಕ್ಷಾಲಯದಲ್ಲಿ ಅವರಿಬ್ಬರದೂ ಎದುರುಬದುರು ಮೇಜು. ಆರು ವರ್ಷದಿಂದ ಗೋಧಿಯ ಮೊಳಕೆ ಎಣಿಸುತ್ತ, ನಡುವೆ ತಲೆಯೆತ್ತಿದಾಗಲೆಲ್ಲ ಒಬ್ಬರಿಗೊಬ್ಬರು ಕಾಣುತ್ತ ಬಂದವರು.

ವಸಂತದ ಹೊಸವರ್ಷವಾದ ಈ ನೌರಿಜ್ ಹಬ್ಬಕ್ಕೆ ಅವಳು ಹೊಸ ಅಡುಗೆಯೊಂದನ್ನು ಹದಕ್ಕೆ ತರುತ್ತಿದ್ದಳು. ಕುರಿಮಾಂಸಕ್ಕೆ ಒಣ ಜರ್ದಾಳು, ಹುಳಿ ಸೇಬು ಹಾಕಿ ಸಣ್ಣ ಉರಿಯಲ್ಲಿ ನಾಲ್ಕು ಗಂಟೆ ಬೇಯಿಸುವುದು. ಪ್ರತಿ ಸಲವೂ ಒಂದು ಡಬ್ಬಿ ಕುವಾತನಿಗೆ. ಹಬ್ಬ ಮುಗಿದ ಮೇಲೆ ಬರುವ ಶುಕ್ರವಾರ ಅವನಿಗೆ ದೂರದ ಓಸ್ಕೆಮೆನ್ ಊರಿಗೆ ವರ್ಗ. ಅದರ ಬಗ್ಗೆ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಮೂರು ಸಲ ಒಂದೇ ಫಲಿತಾಂಶ ಬರದೆ ಅವಳು ಯಾವುದನ್ನೂ ವರದಿಗೆ ಸೇರಿಸಿದವಳಲ್ಲ. ಆದರೆ ಅವನ ನೋಟವನ್ನು ಎಷ್ಟು ಸಲ ಪರೀಕ್ಷಿಸಿದರೂ ಒಮ್ಮೆ ಬರೀ ಸ್ನೇಹದಂತೆ ಕಾಣುತ್ತಿತ್ತು, ಒಮ್ಮೆ ಅವಳ ಕಿವಿಗಳು ಬಿಸಿಯಾಗುವಂತೆ. ಕೇಳಿಬಿಟ್ಟು, ಅವನು ಸಂಕೋಚದಿಂದ ತಲೆ ತಗ್ಗಿಸಿದರೆ? ಕೇಳದೆ ಬಿಟ್ಟರೆ ಶುಕ್ರವಾರದಿಂದ ಎದುರಿನ ಮೇಜು ಖಾಲಿ.

“ಹಬ್ಬಕ್ಕೆ ಮನೆಗೆ ಬನ್ನಿ,” ಎಂದಳು. “ಇನ್ನೊಂದೇ ಸಲ ಮಾಡ್ತೀನಿ.”

ಅವನು ಚಮಚ ಕೆಳಗಿಟ್ಟ. “ಬರ್ತೀನಿ.”

ಹಬ್ಬದ ಮಧ್ಯಾಹ್ನ ಅಂಗಳದಲ್ಲಿ ಹಿಮ ಕರಗಿ ಕೆಸರಾಗಿತ್ತು. ಅತ್ತಿಗೆ ಶಿನಾರ್ ಹೊರಗಿನ ಒಲೆಯಲ್ಲಿ ಹಿಟ್ಟಿನ ಉಂಡೆಗಳನ್ನು ಕರಿಯುತ್ತಿದ್ದಳು. ಮಾಂಸದ ಪಾಲು ಹಾಕುವುದು ಪ್ರತಿವರ್ಷ ಅಜ್ಜಿ ರಾಬಿಗಾಳ ಕೆಲಸ; ಈ ಸಲ ಕೈ ನಡುಗುತ್ತದೆಂದು ಮೊಮ್ಮಗಳಿಗೇ ಬಿಟ್ಟಿದ್ದಳು.

“ತೂಕ ಮಾಡಿ ಬಡಿಸ್ಬೇಡ ಕಣೇ!” ಶಿನಾರ್ ಹೊರಗಿನಿಂದಲೇ ಕೂಗಿದಳು. “ಹದಿನೈದು ಜನ ಹಸ್ಕೊಂಡು ಕೂತಿದಾರೆ. ಅದ್ರಲ್ಲಿ ಒಬ್ಬರಂತೂ ಬಾಗಿಲನ್ನೇ ನೋಡ್ತಿದಾರೆ.”

“ಸುಮ್ನಿರಿ ಅತ್ತಿಗೆ!”

ಕಮ್ಷಾತ್ ಒಂದೊಂದೇ ತುಂಡನ್ನು ಚಾಕುವಿನ ಮೊನೆಯಿಂದ ಒತ್ತಿ ನೋಡಿದಳು. ತೊಡೆಯ ತುಂಡಿನ ಒಳಗೆ ಹುಳಿ ಇಳಿದಿರಲಿಲ್ಲ. ಪಕ್ಕೆಲುಬು ಒಣಗಿತ್ತು. ಎದೆಮೂಳೆಯ ತುಂಡಿನಲ್ಲಿ ಮಾತ್ರ ಕೊಬ್ಬಿನ ಪದರ ಪದರಕ್ಕೂ ಜರ್ದಾಳಿನ ಬಣ್ಣ ಹತ್ತಿ, ಮುಟ್ಟಿದರೆ ನಡುಗುತ್ತಿತ್ತು. ಮೂರು ವಾರದಿಂದ ಅವಳು ಹುಡುಕುತ್ತಿದ್ದ ಹದ ಅದೇ. ಬೇರೇನೂ ಹೊಳೆಯಲಿಲ್ಲ. ಅದನ್ನು ಕುವಾತನ ತಟ್ಟೆಗೆ ಇಟ್ಟಳು.

ಅಣ್ಣ ಮರಾತ್ ತಟ್ಟೆಗಳನ್ನು ಒಯ್ದು ಒಬ್ಬೊಬ್ಬರ ಮುಂದೆ ಇಟ್ಟ. ಕುವಾತನ ಮುಂದಿನ ತಟ್ಟೆಯನ್ನು ಮೊದಲು ಕಂಡದ್ದು ದೊಡ್ಡಪ್ಪ. ಅವರ ಮಾತು ಅರ್ಧಕ್ಕೇ ನಿಂತಿತು. ಉಳಿದವರೂ ಅತ್ತ ಕತ್ತು ಚಾಚಿದರು.

“ಎದೆಮೂಳೆ!” ಮರಾತ್ ಹುಬ್ಬೇರಿಸಿದ. “ಅಳಿಯಂಗೆ ಕೊಡೋ ಪಾಲು! ನಮ್ಮನೆಗೆ ಅಳಿಯ ಬಂದಿದಾನೆ ಅಂತ ನನಗೆ ಯಾರೂ ಹೇಳ್ಲೇ ಇಲ್ವಲ್ಲ?”

ಕಮ್ಷಾತ್ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ಯಾವ ಮೂಳೆ ಯಾರ ಪಾಲೆಂದು ಅವಳಿಗೆ ನಡೆಯಲು ಕಲಿತ ದಿನದಿಂದ ಗೊತ್ತು. ಹದದ ಧ್ಯಾನದಲ್ಲಿ ಅದೊಂದೇ ಮರೆತುಹೋಗಿತ್ತು.

“ಈ ತಟ್ಟೆ ಜೋಡಿಸಿದ್ದು ಯಾರು?” ಅಜ್ಜಿ ಕೇಳಿದಳು.

ಕಮ್ಷಾತ್ ಬಾಯಿ ತೆರೆಯುವಷ್ಟರಲ್ಲಿ ಕುವಾತ್ ಮುಂದಾದ. “ಅಜ್ಜಿ, ನಾನೇ ಕೂರೋ ಜಾಗ ತಪ್ಪಿರಬೇಕು. ಇದು ಬೇರೆಯವರ ತಟ್ಟೆ.”

ಅವನು ತಟ್ಟೆಯನ್ನು ಒಂದು ಗೇಣು ಮುಂದಕ್ಕೆ ಸರಿಸಿದ. ಆದರೆ ಅಂಚು ಹಿಡಿದ ಬೆರಳುಗಳು ಬಿಡಲಿಲ್ಲ. ಉಗುರುಗಳ ತುದಿ ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದೇ ಇದ್ದವು. ಕಮ್ಷಾತ್ ಆ ಬೆರಳುಗಳನ್ನು ನೋಡಿದಳು. ಹೌದು ತಪ್ಪಾಯಿತು ಎಂದರೆ ಎಲ್ಲರೂ ನಕ್ಕು ಊಟಕ್ಕೆ ತೊಡಗುತ್ತಾರೆ. ಶುಕ್ರವಾರವೂ ಬರುತ್ತದೆ.

“ಜೋಡಿಸಿದ್ದು ನಾನೇ ಅಜ್ಜಿ,” ಎಂದಳು. ದನಿ ಸಣ್ಣದಾಗಿತ್ತು, ಅಲುಗಲಿಲ್ಲ. “ಜೋಡಿಸುವಾಗ ನಂಗೆ ಗಮನ ಇರ್ಲಿಲ್ಲ. ಈಗ ಇದೆ. ತಟ್ಟೆ ಅಲ್ಲೇ ಇರ್ಲಿ.”

ಬಾಗಿಲಲ್ಲಿ ನಿಂತಿದ್ದ ಶಿನಾರ್ ಜಾಲರಿ ಸೌಟನ್ನು ಎದೆಗೆ ಅವಚಿಕೊಂಡಳು.

“ಮಾಂಸಕ್ಕೆ ಹಣ್ಣು ಹಾಕಿದಾಗ್ಲೇ ಅಂದ್ಕೊಂಡೆ, ಇವಳು ಇನ್ನೇನೋ ಮಾಡ್ತಾಳೆ ಅಂತ,” ಎಂದಳು ಅಜ್ಜಿ. ಕುವಾತನ ಕಡೆ ತಿರುಗಿದಳು. “ನೀನೇನಪ್ಪಾ ಅಂತೀಯ?”

ಅವನು ತಟ್ಟೆಯನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡ. ಕಮ್ಷಾತಳನ್ನೇ ನೋಡಿದ. “ಓಸ್ಕೆಮೆನ್ ಲ್ಯಾಬಿನಲ್ಲಿ ಇನ್ನೊಂದು ಹುದ್ದೆ ಖಾಲಿ ಇದೆ. ಯಾರಿಗೂ ಕೊಡಬೇಡಿ, ಒಬ್ಬರನ್ನ ಕೇಳಿ ಹೇಳ್ತೀನಿ ಅಂತ ಎರಡು ತಿಂಗಳ ಹಿಂದೆ ಅಲ್ಲಿಯವರಿಗೆ ಹೇಳಿದ್ದೆ. ಕೇಳೋ ಧೈರ್ಯ ಬರ್ಲಿಲ್ಲ.”

“ಎರಡು ತಿಂಗಳು!” ಅವಳಿಗೆ ನಗುವೂ ಸಿಟ್ಟೂ ಒಟ್ಟಿಗೇ ಬಂದವು. “ದಿನಾ ಡಬ್ಬಿ ಖಾಲಿ ಮಾಡೋಕೆ ಧೈರ್ಯ ಇತ್ತು, ಅಲ್ವಾ?”

“ಅಮ್ಮ ಕಿಜಿಲೋರ್ದದಲ್ಲಿದಾರೆ. ಮದುವೆ ಮಾತಾಡೋಕೆ ಅವರು ಬರಬೇಕು.” ಅವನು ಮೆಲ್ಲಗೆ ಕೇಳಿದ, “ಫೋನ್ ಮಾಡ್ಲಾ?”

“ಮಾಡಿ.”

ಅವನು ಅಂಗಳಕ್ಕಿಳಿದ. ಅವನ ಕೋಟು ಒಳಗೇ ಉಳಿದಿದ್ದರಿಂದ, ಕಮ್ಷಾತ್ ಅದನ್ನೆತ್ತಿಕೊಂಡು ಹಿಂದೆಯೇ ಹೋದಳು, ಯಾರೂ ತಡೆಯಲಿಲ್ಲ. ಅವನು ಕೆಸರಿನ ನಡುವೆ ನಿಂತು, ಹಬ್ಬದ ಶುಭಾಶಯ ಹೇಳಿ, ಇದ್ದದ್ದು ಇದ್ದ ಹಾಗೆ ಹೇಳಿದ.

“ಅಮ್ಮಾ, ಇಲ್ಲೊಂದು ಮನೇಲಿ ನಂಗೆ ಎದೆಮೂಳೆ ಬಡಿಸಿದಾರೆ.”

ಆಚೆ ಕಡೆಯಿಂದ ಬಂದ ದನಿ ಫೋನಿನಿಂದ ಎರಡು ಮಾರು ದೂರವಿದ್ದ ಕಮ್ಷಾತಳಿಗೂ ಸ್ಪಷ್ಟವಾಗಿ ಕೇಳಿಸಿತು.

“ತಿಂದೆಯೇನೋ?”

“ಇನ್ನೂ ಇಲ್ಲ.”

“ಮತ್ತೆ ಅಲ್ಲಿ ನಿಂತ್ಕೊಂಡು ಏನ್ ಮಾಡ್ತಿದೀಯೋ ದಡ್ಡ! ಹೋಗು, ಆರೋಕೆ ಮುಂಚೆ ತಿನ್ನು!”