ಟಕಟಕ ಕೇಳಿಸದ ಬೆಳಗು

ಬೆಳಿಗ್ಗೆ ಆರೂವರೆಗೆ ವ್ಯಾನಕ್ಕ ಹಾಲು ತಂದುಕೊಂಡು ಅಂಗಳಕ್ಕೆ ವಾಪಸ್ ಬಂದಾಗ ವ್ಯಾನು ಇರಲಿಲ್ಲ. ಅದು ನಿಲ್ಲುತ್ತಿದ್ದ ಜಾಗದಲ್ಲಿ ಅಂಗೈಯಗಲದ ಎಣ್ಣೆ ಕಲೆಯೊಂದೇ ಉಳಿದಿತ್ತು.

ಎಂಟಕ್ಕೆ ಇನ್ಸ್‌ಪೆಕ್ಟರಮ್ಮ ಆ ಕಲೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ಹೋದದ್ದು ಹಳೇ ಡೀಸೆಲ್ ವ್ಯಾನು. ಕಂಪನಿ ಅದರ ತಯಾರಿಕೆ ನಿಲ್ಲಿಸಿ ಒಂಬತ್ತು ವರ್ಷ. ಅಂಥದ್ದನ್ನು ಕದ್ದವನಿಗೆ ತಲೆ ನೆಟ್ಟಗಿದೆಯೇ ಎಂದು ಅವರಿಗೆ ಮೊದಲು ನಗುವೇ ಬಂತು.

ವ್ಯಾನಕ್ಕನ ಮಾತು ಕೇಳಿದ ಮೇಲೆ ನಗು ಇಳಿಯಿತು. ಸೀಟು ಹಾಕಿದರೆ ಹತ್ತು ಜನ, ಬಿಚ್ಚಿದರೆ ಬೀರು, ಹಾಸಿಗೆ, ಹೂಕುಂಡ. ನೆಲ ತಗ್ಗು, ಚಾವಣಿ ಎತ್ತರ. ಗಾಲಿಕುರ್ಚಿಯಲ್ಲಿ ಕೂತವರನ್ನು ಎಬ್ಬಿಸದೆ ಹಾಗೇ ಒಳಗೆ ತಳ್ಳಬಹುದು. ಅದಕ್ಕೇ ಫಿಸಿಯೋಥೆರಪಿ ಕೇಂದ್ರದವರು ರೋಗಿಗಳನ್ನು ಕರೆತರುವ ಕೆಲಸವನ್ನು ಇವಳಿಗೆ ಕೊಡಲು ಮನಸ್ಸು ಮಾಡಿದ್ದರು. ಇವತ್ತು ಹನ್ನೊಂದಕ್ಕೆ ಗಾಡಿಯ ತಪಾಸಣೆ. ಗಾಡಿ ಬರದಿದ್ದರೆ ಕೆಲಸ ಪೈಪೋಟಿಗೆ ನಿಂತಿದ್ದ ಟ್ರಾವೆಲ್ಸ್‌ನವನ ಹೊಸ ವ್ಯಾನುಗಳಿಗೆ.

"ಆರು ವರ್ಷದಿಂದ ಯಾರಾದರೂ ಕರೀತಾರಾ ಅಂತ ಕಾಯ್ತಾ ಕೂತಿದ್ದೀನಿ ಮೇಡಂ. ಕಾಯಂ ಕೆಲಸ ಅಂತ ಕೈಗೆ ಬಂದಿದ್ದು ಇದೊಂದೇ," ಎಂದಳು ವ್ಯಾನಕ್ಕ.

ಕೀಲಿ ಅವಳ ಸೊಂಟದಲ್ಲೇ ಇತ್ತು. ಆದರೆ ಗಾಡಿಯ ಸ್ವಿಚ್ಚು ಎಷ್ಟು ಸವೆದಿತ್ತೆಂದರೆ ಬೀರುವಿನ ಕೀಲಿ ತೂರಿಸಿದರೂ ತಿರುಗುತ್ತಿತ್ತು. ಅದು ಬೀದಿಗೆಲ್ಲ ಗೊತ್ತಿದ್ದ ಗುಟ್ಟು.

*

ಮೊದಲ ಅನುಮಾನ ಗುಜರಿಯವನ ಮೇಲೆ. ಬಿಡಿಭಾಗಗಳಿಗೋಸ್ಕರ ವ್ಯಾನು ಕೊಡು ಎಂದು ಅವನು ಮೂರು ಸಲ ವ್ಯಾನಕ್ಕನ ಬೆನ್ನು ಬಿದ್ದಿದ್ದ. ಅವನ ಅಂಗಡಿಯ ಗೋಡೆಗೆ ವ್ಯಾನಿನದೇ ನೀಲಿ ಬಣ್ಣದ, ಪಕ್ಕಕ್ಕೆ ಜಾರುವ ಬಾಗಿಲೊಂದು ಒರಗಿತ್ತು. ಜೊತೆಗಿದ್ದ ಕಾನ್‌ಸ್ಟೇಬಲ್ಲನ ಕಣ್ಣರಳಿತು.

ಇನ್ಸ್‌ಪೆಕ್ಟರಮ್ಮ ಬಾಗಿಲ ಹಿಂದೆ ಬಗ್ಗಿ ನೋಡಿದರು. ಅಲ್ಲಿ ಜೇಡವೊಂದು ಬಲೆ ಕಟ್ಟಿ, ಮೊಟ್ಟೆಯಿಟ್ಟು, ತುಂಬು ಸಂಸಾರ ಹೂಡಿತ್ತು. ಬಾಗಿಲು ಇಲ್ಲಿಗೆ ಬಂದು ತಿಂಗಳುಗಳೇ ಆಗಿದ್ದವು.

ಕದ್ದರೂ ತಾನು ಅದನ್ನು ಓಡಿಸಲಾರೆ, ಡೀಸೆಲಣ್ಣನ ಕೈ ಸೋಕದೆ ಅದು ಯಾರ ಮಾತೂ ಕೇಳುವುದಿಲ್ಲ ಎಂದು ಗುಜರಿಯವನು ಗೊಣಗಿದ. ಡೀಸೆಲಣ್ಣ ಎಂದರೆ ಆ ವ್ಯಾನಿನ ಮೆಕ್ಯಾನಿಕ್ಕು.

*

ಅವರು ವ್ಯಾನಕ್ಕನ ಮನೆಗೆ ವಾಪಸಾದಾಗ ಒಂಬತ್ತು ದಾಟಿತ್ತು. ಎದುರುಮನೆಯ ದರ್ಜಿ ಆಗಷ್ಟೇ ಅಂಗಡಿ ತೆರೆಯುತ್ತಿದ್ದ. ಏಳುವುದು ತಡವಾಯಿತು ಎಂದು ಹಲ್ಲು ಗಿಂಜಿದ.

ಅವನಿಗೆ ವ್ಯಾನೇ ಅಲಾರಂ. ರಾತ್ರಿಯಿಡೀ ನಿಂತರೆ ಅದರ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತಿತ್ತು. ದಿನಾ ಬೆಳಿಗ್ಗೆ ವ್ಯಾನಕ್ಕ ಡ್ರೈವರ್ ಸೀಟು ಎತ್ತಿ, ಕೆಳಗಿನ ಕೈಪಂಪನ್ನು ಮೂವತ್ತು ಸಲ ಒತ್ತಿ ಗಾಳಿ ಕಳೆಯಬೇಕಿತ್ತು. ಆ ಟಕಟಕ ಸದ್ದಿಗೇ ದರ್ಜಿ ಏಳುತ್ತಿದ್ದದ್ದು.

"ಇವತ್ತು ಏನು ಕೇಳಿಸ್ತು?"

"ಬೆಳಕು ಹರಿಯೋ ಹೊತ್ತಿಗೆ ಗುರ್ ಅಂತ ಗಾಡಿ ಹೊರಟಿತು. ಅಕ್ಕನೇ ಇರಬೇಕು ಅಂತ ಹೊರಳಿ ಮಲಗಿದೆ."

"ಅದಕ್ಕೆ ಮುಂಚೆ ಟಕಟಕ?"

"ಇಲ್ಲ ಮೇಡಂ. ಅದು ಕೇಳಿಸಿದ್ರೆ ನಾನು ಮಲಗಿರ್ತಿದ್ನಾ?"

ಇನ್ಸ್‌ಪೆಕ್ಟರಮ್ಮ ವ್ಯಾನಕ್ಕನ ಕಡೆ ತಿರುಗಿ, ಎಂಜಿನ್ ಕೊನೆಗೆ ಮುಟ್ಟಿದ್ದು ಯಾರು ಎಂದರು. ತಪಾಸಣೆ ಇದೆಯೆಂದು ನಿನ್ನೆ ಸಂಜೆ ಡೀಸೆಲಣ್ಣ ಬಂದು ಎಲ್ಲ ನೋಡಿ ಹೋಗಿದ್ದ. ಆಮೇಲೆ ಗಾಡಿ ಅಲುಗಿರಲಿಲ್ಲ.

*

ವ್ಯಾನಕ್ಕನನ್ನೂ ಕರೆದುಕೊಂಡು ಡೀಸೆಲಣ್ಣನ ಶೆಡ್ಡಿಗೆ ಹೋದಾಗ ಗಂಟೆ ಹತ್ತು. ಹಿಂಗೋಡೆಯ ಬಳಿ ದೊಡ್ಡ ಟಾರ್ಪಾಲು ಇಳಿಬಿದ್ದಿತ್ತು. ವ್ಯಾನು ಕಳುವಾಯಿತಂತೆ ಎಂದು ಅವನೇ ಮರುಗಿದ.

"ಬೆಳಿಗ್ಗೆ ಹೊತ್ತು ಅದನ್ನ ಸ್ಟಾರ್ಟ್ ಮಾಡೋದು ಹೇಗೆ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಮೂವತ್ತು ಸಲ ಪಂಪ್ ಒತ್ತಬೇಕು. ಇಲ್ಲಾಂದ್ರೆ ಜಪ್ಪಯ್ಯ ಅಂದ್ರೂ ಆಗಲ್ಲ."

"ಇವತ್ತು ಒಂದು ಸಲವೂ ಒತ್ತದೆ ಹೊರಟಿದೆ. ಅಂದ್ರೆ ನಿನ್ನೆ ಸಂಜೆಯೇ ಯಾರೋ ಪೈಪು ಸರಿಮಾಡಿದ್ದಾರೆ. ಟಕಟಕ ಅಂದ್ರೆ ದರ್ಜಿ ಏಳ್ತಾನೆ ಅಂತ ಅವರಿಗೆ ಗೊತ್ತಿತ್ತು. ನಿನ್ನೆ ಎಂಜಿನ್ ಮುಟ್ಟಿದ್ದು ಒಂದೇ ಕೈ."

ಕಾನ್‌ಸ್ಟೇಬಲ್ ಟಾರ್ಪಾಲು ಎಳೆದ. ನೀಲಿ ವ್ಯಾನು ನಿಂತಿತ್ತು, ಒಂದು ಗೀರೂ ಇಲ್ಲದೆ.

ಡೀಸೆಲಣ್ಣ ಸ್ಟೂಲಿನ ಮೇಲೆ ಕುಸಿದು ಕೂತ. ಹನ್ನೊಂದು ದಾಟುವವರೆಗೆ ಗಾಡಿ ಬಚ್ಚಿಟ್ಟರೆ ತನ್ನ ವರ್ಕ್‌ಶಾಪಿನಲ್ಲಿ ಕೆಲಸ ಕೊಡುತ್ತೇನೆಂದು ಟ್ರಾವೆಲ್ಸ್‌ನವನು ಆಸೆ ಹುಟ್ಟಿಸಿದ್ದ. ಈ ಮಾದರಿಯ ಗಾಡಿಗಳೆಲ್ಲ ಗುಜರಿ ಸೇರಿ, ಡೀಸೆಲಣ್ಣನ ಕೈಗೆ ಉಳಿದಿದ್ದದ್ದು ಇದೊಂದೇ.

"ಎರಡು ವರ್ಷದಿಂದ ಆ ಪೈಪಿಗೆ ವಾಷರ್ ಸಿಗಲ್ಲ, ಕಂಪನಿಯೇ ನಿಲ್ಲಿಸಿದೆ ಅಂತಿದ್ದೆಯಲ್ಲ ಅಣ್ಣ?" ವ್ಯಾನಕ್ಕ ಕೇಳಿದಳು.

"ಸಿಗಲ್ಲ ಕಣಮ್ಮ. ತಾಮ್ರದ ತಗಡು ಕತ್ತರಿಸಿ, ಅರ ಹಾಕಿ ಉಜ್ಜಿ ನಾನೇ ಮಾಡಿದೆ. ಮನಸ್ಸು ಮಾಡಿದ್ರೆ ಆವತ್ತೇ ಆಗ್ತಿತ್ತು." ಅವನು ತಲೆಯೆತ್ತಲಿಲ್ಲ.

ವ್ಯಾನಕ್ಕನಿಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಬಿಡಿಭಾಗ ಕೆಟ್ಟರೆ ಏನು ಮಾಡುತ್ತೀಯ ಎಂದು ಕೇಂದ್ರದವರು ಕೇಳಿದರೆ ಏನು ಹೇಳುವುದೆಂದು ಅವಳು ವಾರದಿಂದ ನಿದ್ದೆಗೆಟ್ಟಿದ್ದಳು. ಉತ್ತರ ಕಳ್ಳನ ಕೈಯಲ್ಲೇ ಇತ್ತು.

"ದೂರು ವಾಪಸ್ ತಗೊಳ್ಳಲ್ಲ ಅಣ್ಣ," ಎಂದಳು. "ಸ್ಟೇಷನ್ನು, ಕೋರ್ಟು ಎಲ್ಲ ಮುಗಿಸ್ಕೊಂಡು ಬಾ. ಆಮೇಲೆ ಆ ವಾಷರ್ ಮಾಡೋದು ನನಗೆ ಕಲಿಸು."

ಡೀಸೆಲಣ್ಣ ಹೂಂ ಎಂದ. ಕಾನ್‌ಸ್ಟೇಬಲ್ಲನಿಗೆ ಇನ್ಸ್‌ಪೆಕ್ಟರಮ್ಮ ಟ್ರಾವೆಲ್ಸ್‌ನವನ ವಿಳಾಸ ಬರೆದುಕೊಟ್ಟರು.

ವ್ಯಾನಕ್ಕ ಅಭ್ಯಾಸಬಲದಿಂದ ಡ್ರೈವರ್ ಸೀಟು ಎತ್ತಹೋದಳು. ಅದರ ಅಗತ್ಯವಿಲ್ಲ ಎಂದು ಇನ್ಸ್‌ಪೆಕ್ಟರಮ್ಮ ಕೈಸನ್ನೆ ಮಾಡಿದರು. ಕೀಲಿ ತಿರುಗಿಸಿದ್ದೇ ತಡ, ಎಂಜಿನ್ ಗುರ್ ಎಂದಿತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ವ್ಯಾನು ಕೇಂದ್ರದ ಬಾಗಿಲಲ್ಲಿತ್ತು.

ಮರುವಾರದಿಂದ ಅದು ದಿನಾ ಆರೂವರೆಗೆ ರೋಗಿಗಳನ್ನು ಕರೆತರಲು ಟಕಟಕ ಸದ್ದಿಲ್ಲದೆ ಹೊರಡತೊಡಗಿತು. ದರ್ಜಿ ಒಂದು ಅಲಾರಂ ಗಡಿಯಾರ ಕೊಂಡ.