ನೆಕ್ಕರಿಕಕ್ಕೆ ಸೊಳ್ಳೆಪರದೆ

“ಜಸೀ, ಫಾಝಿಲನ ಸೊಳ್ಳೆಪರದೆ ಎಲ್ಲುಂಟು?” ಅಡುಗೆಮನೆಯಿಂದ ಉಮ್ಮ ಕೂಗಿದರು.

“ನಂಗೆ ಗೊತ್ತಿಲ್ಲ ಉಮ್ಮಾ!” ಹಿತ್ತಿಲಿನಿಂದಲೇ ಜಸೀಲಾ ಅರಚಿದಳು. ಪರದೆ ಅವಳ ಕೈಯಲ್ಲೇ ಇತ್ತು.

ತಮ್ಮ ಫಾಝಿಲ್ ಹುಟ್ಟಿದಾಗ ಉಪ್ಪ, ಅಂದರೆ ಅಪ್ಪ, ದುಬೈಯಿಂದ ತಂದ ಪರದೆ ಅದು. ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ತಮ್ಮನೇನೋ ದೊಡ್ಡವನಾಗಿದ್ದ. ಉಮ್ಮ ಈಗ ಅದನ್ನು ಚಿಕ್ಕಮ್ಮನ ಪಾಪುವಿಗೆ ಕೊಡಬೇಕೆಂದಿದ್ದರು.

ಜಸೀಲಾ ಅದನ್ನು ಗುಡ್ಡೆಯ ಬದಿಯ ನೆಕ್ಕರಿಕ ಗಿಡದ ಮೇಲೆ ಬಿಚ್ಚಿ, ಸುತ್ತ ಕಲ್ಲು ಇಟ್ಟಳು. ಪುಟ್ಟ ಗಿಡ, ಮೈತುಂಬ ಮೊಗ್ಗು. ಒಂದು ಕೊಂಬೆ ಮಾತ್ರ ಎಷ್ಟು ತುರುಕಿದರೂ ಒಳಗೆ ಹೋಗಲಿಲ್ಲ. ಹಾಳಾಗಿ ಹೋಗಲಿ ಎಂದು ಬಿಟ್ಟಳು.

ನೆಕ್ಕರಿಕ ಹಣ್ಣು ತಿಂದರೆ ನಾಲಗೆ ಕಪ್ಪಾಗುತ್ತದೆ. ಯಾರ ನಾಲಗೆ ಎಲ್ಲರಿಗಿಂತ ಕಪ್ಪೋ ಅವರೇ ಕ್ಲಾಸಿನ ಲಗೋರಿ ಕ್ಯಾಪ್ಟನ್. ಹೋದ ಸಲ ಪಕ್ಕದ ಮನೆಯ ಜಿತೇಶ್ ಈ ಗಿಡವನ್ನೇ ಬೋಳು ಮಾಡಿ ಕ್ಯಾಪ್ಟನ್ ಆಗಿದ್ದ. ಜಸೀಲಾಳಿಗೆ ವರ್ಷವಿಡೀ ಚೆಂಡು ಹೆಕ್ಕುವ ಕೆಲಸ. ಅದು ನೆನಪಾದರೆ ಈಗಲೂ ಅವಳ ಹೊಟ್ಟೆ ಉರಿಯುತ್ತಿತ್ತು.

ಹಾಗಾಗಿ ಪರದೆ. ಅದು ಇಬ್ಬರು ಕಳ್ಳರಿಗೆ ತಡೆ. ಒಬ್ಬ ಜಿತೇಶ್. ಇನ್ನೊಬ್ಬ, ಹೂವಿನ ಹಳದಿ ಪುಡಿಯನ್ನು ಹೊಟ್ಟೆಗೆಲ್ಲ ಮೆತ್ತಿಕೊಂಡು ಹಾರಿಹೋಗುವ ಕಪ್ಪು ದುಂಬಿ.

ಮರುದಿನವೇ ಜಿತೇಶ್ ಬಂದ. “ಇದೆಂಥದ್ದು ಮಾರಾಯ್ತಿ?”

“ಮುಟ್ಬೇಡ. ಒಳಗೆ ಹಾವು ಉಂಟು.”

“ಹಾವಿಗೆ ಸೊಳ್ಳೆಪರದೆಯಾ?”

“ಮತ್ತೆ? ಅದಕ್ಕೂ ಸೊಳ್ಳೆ ಕಚ್ಚುದಿಲ್ವಾ?”

ಜಿತೇಶ್ ನಕ್ಕ. ಆದರೆ ಕಲ್ಲು ಸರಿಸುವ ಧೈರ್ಯ ಮಾಡಲಿಲ್ಲ.

ಪರದೆಯೊಳಗೆ ನೇರಳೆ ಬಣ್ಣದ ಹೂಗಳು ಅರಳಿದವು, ಉದುರಿದವು. ಜಸೀಲಾ ದಿನಾ ಇಣುಕುತ್ತಿದ್ದಳು. ಹೂವಿನ ಬುಡ ದಪ್ಪವಾಗಲೇ ಇಲ್ಲ. ಒಣಗಿ, ಅದೂ ಉದುರಿತು. ಒಂದೇ ಒಂದು ಕಾಯಿಯೂ ಇಲ್ಲ!

“ನೋಡಿಲ್ಲಿ!” ಕೆಲವು ವಾರ ಕಳೆದು ಒಂದು ದಿನ ಹಿಂದಿನಿಂದ ಬಂದ ಜಿತೇಶ್ ನಾಲಗೆ ಚಾಚಿದ. ಕಾಡಿಗೆಯಷ್ಟು ಕಪ್ಪು. “ಹಾವು ಇದ್ದದ್ದು ಒಳಗೆ. ನಾನು ತಿಂದದ್ದು ಹೊರಗಿನ ಕೊಂಬೆದು!”

ಜಸೀಲಾಳಿಗೆ ಅಳುವೇ ಬಂತು. ಹೊರಗಿನ ಕೊಂಬೆಯನ್ನು ಮುರಿದೇ ಹಾಕುತ್ತೇನೆಂದು ಕೈ ಹಾಕಿದಳು.

ಅಲ್ಲಿ ದುಂಬಿ ಇತ್ತು. ಹೂವನ್ನು ಅಪ್ಪಿ ಹಿಡಿದು ‘ಗುಂಯ್’ ಎಂದಿತು. ಇಡೀ ಹೂ ನಡುಗಿ, ಹಳದಿ ಪುಡಿ ಉದುರಿತು. ಹೊಟ್ಟೆಯ ತುಂಬ ಪುಡಿ ಹೊತ್ತು ಅದು ಪಕ್ಕದ ಹೂವಿಗೆ ಹಾರಿ ಅಲ್ಲೂ ಸ್ವಲ್ಪ ಮೆತ್ತಿತು. ಅದರ ಕೆಳಗೇ ಎರಡು ದಪ್ಪ ಕಾಯಿಗಳಿದ್ದವು.

ಶಶಿಪ್ರಭಾ ಟೀಚರ್ ಪರಾಗದ ಪಾಠ ಮಾಡಿದ್ದರು. ಆ ದಿನ ಜಸೀಲಾ ಪುಸ್ತಕದ ದುಂಬಿಗೆ ಮೀಸೆ ಬಿಡಿಸುತ್ತಿದ್ದಳು.

ಅವಳು ಪರದೆಯನ್ನು ನೋಡಿದಳು. ಒಳಗೆ ಕಡೆಯ ನಾಲ್ಕಾರು ಹೂಗಳು ಆಗಷ್ಟೇ ಅರಳಿದ್ದವು. ಮೆಲ್ಲನೆ ಕಲ್ಲು ಸರಿಸಿ ಪರದೆ ಎತ್ತಿದಳು.

ದುಂಬಿ ಹತ್ತಿರ ಬಂತು. ಜಿತೇಶ್ ಚಪ್ಪಲಿ ಎತ್ತಿದ. “ಕಚ್ಚುತ್ತದೆ, ಓಡ್ಸುವ!”

ಜಸೀಲಾ ಅವನ ಕೈ ಹಿಡಿದುಕೊಂಡಳು. “ಸುಮ್ನಿರು ಮಾರಾಯ. ಅದು ಹೋಗ್ಲಿ ಒಳಗೆ.”

“ಜಸೀ, ಪರದೆ ಸಿಕ್ಕಿತಾ?” ಉಮ್ಮ ಮತ್ತೆ ಕೂಗಿದರು.

“ಸಿಕ್ಕಿತು ಉಮ್ಮಾ, ತರ್ತೇನೆ,” ಎಂದಳು ಜಸೀಲಾ, ದುಂಬಿಗೆ ತೊಂದರೆ ಆಗದಷ್ಟು ಮೆತ್ತಗೆ. ಉಮ್ಮನಿಗೆ ಅದು ಕೇಳಿಸಲೇ ಇಲ್ಲ.