ಪಾತ್ರೆ ಬೇಡವೆಂದವಳ ಫ್ರಾಕು

"ಅದನ ಬಿಡ್ರಿ ತಂಗಿ. ಅದು ಮಾರಾಕ ಇಟ್ಟದ್ದಲ್ಲ."

ಹಳೆಯ ಬಟ್ಟೆಗಳ ರಾಶಿಯ ಮೇಲೆ ಬಗ್ಗಿದ್ದ ಶೀತಲ ತಲೆಯೆತ್ತಿದಳು. ಕೈಯಲ್ಲೊಂದು ಬಿಳಿ ಫ್ರಾಕು. ಆರು ವರ್ಷದ ಮಗುವಿನ ಅಳತೆಯದು. ಊರೂರು ತಿರುಗಿ, ಸ್ಟೀಲ್ ಪಾತ್ರೆ ಕೊಟ್ಟು ಹಳೆಯ ಬಟ್ಟೆ ಪಡೆದು ಸೋಲಾಪುರದ ಸಂತೆಯಲ್ಲಿ ಮಾರುವ ಮುದುಕಿ ತುಳಜಾಬಾಯಿ, ಆ ಫ್ರಾಕಿನ ಕಡೆ ನೋಡಲೂ ಒಲ್ಲದೆ ಮುಖ ತಿರುಗಿಸಿದ್ದಳು.

"ಮತ್ತ ರಾಶ್ಯಾಗ ಯಾಕ ಅದ?"

"ಕರಜಗಿ ಊರಾಗ ಒಬ್ಬಾಕಿ ಕೊಟ್ಟಳು. ಆಕಿ ಮಗಳು ಸತ್ತಿದ್ದಳು. ಪಾತ್ರಿ ತಗೋ ಅಂದರ ಬ್ಯಾಡ ಅಂದಳು. ಪಾತ್ರಿ ಬ್ಯಾಡ ಅಂದವರ ಅರಿವಿ ಸುಮ್ಮನ ಬರೂದಿಲ್ರಿ. ಏನರೆ ಮಾಟ ಮಾಡಿಸಿರತಾರ. ಸುಡಾಕೂ ಅಂಜಿ ಇಟ್ಟೀನಿ."

ಶೀತಲಳಿಗೆ ನಗು ಬಂತು. ಪುಣೆಯಲ್ಲಿ ಹುಟ್ಟಿ ಬೆಳೆದವಳು; ಕನ್ನಡ ತಾಯಿಯಿಂದ ಕಲಿತದ್ದು. ಗಂಡ ನಿಲೇಶ ತನ್ನ ತಂದೆಯ ಚಾದರದ ಅಂಗಡಿ ನೋಡಿಕೊಳ್ಳಲೆಂದು ಸಂಸಾರ ಸಮೇತ ಸೋಲಾಪುರಕ್ಕೆ ಬಂದು ಐದು ತಿಂಗಳಾಗಿತ್ತಷ್ಟೆ. ಮಗಳು ಪೂನಮಳ ಸಾಲೆಯಲ್ಲಿ ಹ್ಯಾಲೊವೀನ್ ಹಬ್ಬವಿತ್ತು. ಅಂಗಡಿಯ ವೇಷ ಬೇಡ, ಹಳೆಯ ಬಟ್ಟೆಯಿಂದ ಮನೆಯಲ್ಲೇ ದೆವ್ವದ ವೇಷ ಮಾಡಿ ಕಳಿಸಿ ಎಂದು ಚೀಟಿ ಬಂದಿತ್ತು.

"ದೆವ್ವದ ವೇಷಕ್ಕ ದೆವ್ವದ್ದ ಅರಿವಿ ಸಿಕ್ಕಂಗಾತು, ಮಾವಶಿ," ಎಂದು ನೋಟೊಂದನ್ನು ಮುದುಕಿಯ ಮಡಿಲಿಗೆ ಹಾಕಿ ಹೊರಟಳು. ತುಳಜಾಬಾಯಿ ಆ ನೋಟನ್ನು ಮುಟ್ಟಲಿಲ್ಲ.

ಚಹಾಪುಡಿ ಕುದಿಸಿದ ನೀರಿನಲ್ಲಿ ಅದ್ದಿ ಫ್ರಾಕಿಗೆ ಹಳೆಯದರ ಬಣ್ಣ ಬರಿಸಿದಳು. ಹರಕು ಧೋತರವೊಂದನ್ನು ಸೀಳಿ ತೋಳುಗಳಿಗೆ ಜೋತುಬಿಟ್ಟಳು. ಕೆಳಗಿನ ಅಂಚನ್ನು ಅಲ್ಲಲ್ಲಿ ಹರಿಯಹೊರಟಾಗ ಕತ್ತರಿ ಯಾವುದಕ್ಕೋ ತಡೆದು ನಿಂತಿತು. ಮಡಿಕೆಯೊಳಗೆ ಕರಿದಾರದ ಏಳು ಗಂಟುಗಳು. ಹೊಲಿಗೆ ಬಾರದವರ ಕೆಲಸವೆಂದುಕೊಂಡು ಹಾಗೇ ಬಿಟ್ಟಳು. ಒಣಗಿದ ಬಟ್ಟೆಯಿಂದ ಚಹಾದ ವಾಸನೆ ಬರಲಿಲ್ಲ. ಲೋಬಾನದ ಹೊಗೆ, ಸುಟ್ಟ ಬೇವಿನ ಎಲೆ, ಆಗಷ್ಟೇ ಅಗೆದ ಮಣ್ಣು, ಇವೆಲ್ಲ ಕೂಡಿದ ಭಾರವಾದ ವಾಸನೆ.

ಮರುದಿನ ಮಧ್ಯಾಹ್ನ ಸಾಲೆಯಿಂದ ಬಂದ ಪೂನಮ ಬಾಗಿಲಲ್ಲೇ ನಿಂತಳು. ಕಣ್ಣಿನ ಸುತ್ತ ಬಳಿದ ಕಾಡಿಗೆ ಹಾಗೇ ಇತ್ತು. ಶೀತಲ ಮರಾಠಿಯಲ್ಲಿ ಒಳಗೆ ಕರೆದಳು. ತಾಯಿಮಗಳ ಮಾತು ಯಾವಾಗಲೂ ಮರಾಠಿಯಲ್ಲೇ. ಪೂನಮಳಿಗೆ ಕನ್ನಡ ಅಷ್ಟಿಷ್ಟು ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ.

ಮಗು ಅವಳನ್ನು ಬಹಳ ಹೊತ್ತು ನೋಡಿತು. ಆಮೇಲೆ ಅಚ್ಚ ಹಳ್ಳಿಯ ಕನ್ನಡದಲ್ಲಿ ಕೇಳಿತು.

"ನೀವ್ಯಾರ್ರಿ? ನಮ್ಮವ್ವ ಎಲ್ಲ್ಯದಾಳ?"

ವೇಷದ ಆಟವೆಂದುಕೊಂಡು ಶೀತಲ ಕೈ ಹಿಡಿದಳು. ಕೈ ಕೆಂಡದಂತೆ ಸುಡುತ್ತಿತ್ತು.

"ಬಿಡ್ರಿ. ಆಡು ಕಟ್ಟಿಲ್ಲ. ಅವ್ವ ಬೈತಾಳ."

ಫ್ರಾಕು ಕಳಚಿದಳು. ಆ ಹಳ್ಳಿಯ ಮಾತು ಕಳಚಲಿಲ್ಲ. ಡಾಕ್ಟರರು ರಕ್ತ ನೋಡಿದರು, ಎದೆ ನೋಡಿದರು, ಔಷಧಿ ಕೊಟ್ಟರು. ಜ್ವರ ಇಳಿಯಲಿಲ್ಲ. ಎರಡು ದಿನ ಮಗು ಗೋಡೆಯ ಕಡೆ ಹೊರಳಿ ಅವ್ವನನ್ನು ಕರೆಯಿತು. ಪಕ್ಕದಲ್ಲೇ ಕುಳಿತಿದ್ದವಳ ಕೈಯಿಂದ ಗುಟುಕು ನೀರು ಕುಡಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕರೆಯುವುದೂ ನಿಂತಿತು. ಉಸಿರಿನಲ್ಲಿ ಅಗೆದ ಮಣ್ಣಿನ ವಾಸನೆ.

ಸರಕು ತರಲು ಸೂರತ್ತಿಗೆ ಹೋಗಿದ್ದ ನಿಲೇಶ ಇನ್ನೂ ರೈಲಿನಲ್ಲಿದ್ದ. ಶೀತಲ ಕಾಯಲಿಲ್ಲ. ಫ್ರಾಕನ್ನು ಚೀಲಕ್ಕೆ ತುರುಕಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ತುಳಜಾಬಾಯಿಯ ಮನೆ ಹುಡುಕಿ ಹೋದಳು. ಮುದುಕಿ ಮಗುವಿನ ಮುಖ ನೋಡಿದಳು. ಚಪ್ಪಲಿ ಮೆಟ್ಟಿ, "ನಡೀರಿ," ಎಂದಳು.

ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಕರಜಗಿ ಮುಟ್ಟುವಾಗ ನಡುಮಧ್ಯಾಹ್ನ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಮನೆಯೊಳಗೆ ಕಿಟಕಿಯಿಲ್ಲದ ಕತ್ತಲೆ. ಆ ಕತ್ತಲೆಯಿಂದ ಹೆಂಗಸೊಬ್ಬಳು ಹೊಸ್ತಿಲಿಗೆ ಬಂದಳು. ಫ್ರಾಕು ಕೊಟ್ಟವಳು ಅವಳೇ, ಅಕ್ಕನಾಗಮ್ಮ. ಶೀತಲಳಷ್ಟೇ ವಯಸ್ಸು.

ಮೂರು ದಿನದಿಂದ ಎತ್ತದ ತಲೆಯನ್ನು ಮಗು ಎತ್ತಿತು.

"ಅವ್ವಾ."

ಅಕ್ಕನಾಗಮ್ಮ ಬಾಚಿ ಎತ್ತಿಕೊಂಡಳು. ಕಣ್ಣು ಮುಚ್ಚಿ ಮಗುವಿನ ನೆತ್ತಿ ಮೂಸಿದಳು. ಮಗಳು ಬೇರೊಬ್ಬಳ ಕೊರಳಿಗೆ ಅಷ್ಟು ಗುರುತಿನಿಂದ ಕೆನ್ನೆಯಿಡುವುದನ್ನು ಶೀತಲ ನಿಂತು ನೋಡಿದಳು.

ಅಕ್ಕನಾಗಮ್ಮನ ಅಂಗೈ ಮಗುವಿನ ಹಣೆಯ ಮೇಲೆ ತಡೆಯಿತು.

"ಜ್ವರ ಎಷ್ಟ ದಿನದ್ದು?"

"ಇವತ್ತಿಗೆ ಮೂರು."

ಅವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊಸ್ತಿಲಲ್ಲೇ ಕುಳಿತಳು. "ನಮ್ಮ ರೇವೂನೂ ಮೂರನೇ ದಿನಾನ ಹೋದಳು. ಹೊತ್ತು ಮುಳಗೂ ಮುಂದ." ಶೀತಲ ಚೀಲದಿಂದ ಫ್ರಾಕು ತೆಗೆದು ಮುಂದಿಟ್ಟಳು. ಅಕ್ಕನಾಗಮ್ಮನ ದನಿ ಪಿಸುಮಾತಾಯಿತು. "ಇದನ ತೊಟ್ಟಾಕಿ ಮಗಳಾಗಿ ಬರತಾಳ ಅಂತ ಮಾಟಗಾರ ಹೇಳಿದ್ದ. ಜ್ವರಾನೂ ಕೂಡಿ ಬರತದ ಅಂದಿರಲಿಲ್ಲ. ತೊಟ್ಟಾಕಿಗೂ ಒಬ್ಬ ತಾಯಿ ಇರತಾಳ ಅಂತ ನಾ ನೆನಸಲೇ ಇಲ್ಲ, ತಂಗಿ."

"ಆ ಗಂಟು ಬಿಚ್ಚ್ರಿ ಅಕ್ಕಾರ. ಕಾಲಿಗೆ ಬೀಳ್ತೀನಿ."

"ಬಿಚ್ಚಬಹುದು. ಆದರ ಈ ಗಂಟಿನ್ಯಾಗ ಕಟ್ಟಿದ್ದು ತಾಯಿ ನೆನಪ. ಬಿಚ್ಚಿದರ ಪೂರಾ ಹೋಗತದ. ನನ್ನೂ ಮರೀತಾಳ, ನಿನ್ನೂ ಮರೀತಾಳ. ಜೀವ ಅಷ್ಟ ಉಳೀತದ. ಮತ್ತ ತಿರುಗಿ ಬರೂದಿಲ್ಲ ಅದು."

ಮನೆಯೊಳಗೆ ನೊಣದ ಗುಂಯ್‌ಗುಟ್ಟುವಿಕೆ. ಮಗುವಿನ ಉಸಿರು. ಒಂದು. ತಡ. ಇನ್ನೊಂದು. ಬಹಳ ತಡ. ತುಟಿ ನೀಲಿಗಟ್ಟುತ್ತಿತ್ತು.

"ಬಿಚ್ಚ್ರಿ," ಎಂದಳು ಶೀತಲ.

ಅಕ್ಕನಾಗಮ್ಮ ಗಂಟು ಬಿಚ್ಚತೊಡಗಿದಳು. ಒಂದು. ಎರಡು. ಲೋಬಾನದ ವಾಸನೆ ಉಸಿರುಗಟ್ಟಿಸಿತು. ಮೂರು. ಹೊರಗೆಲ್ಲೋ ಆಡೊಂದು ಬಿಡದೆ ಕೂಗಿತು. ನಾಲ್ಕು. ಐದು. ಮಗು ಅವಳ ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿಯಿತು. "ಬ್ಯಾಡ ಅವ್ವ," ಎಂದಿತು. ಆರು. ಏಳನೆಯದರ ಮೇಲೆ ಅಕ್ಕನಾಗಮ್ಮನ ಬೆರಳು ನಿಂತವು.

"ಇದು ನನ್ನ ಕೈಲೆ ಆಗೂದಿಲ್ಲ. ಎರಡನೇ ಸಲ ಆಕೀನ ಕಳಸಾಕ ಆಗೂದಿಲ್ಲ."

ಶೀತಲ ಫ್ರಾಕು ಕಸಿದುಕೊಂಡಳು. ಉಗುರಿಗೆ ಗಂಟು ಸಿಗಲಿಲ್ಲ. ಹಲ್ಲಿನಿಂದ ಕಚ್ಚಿದಳು. ಬಾಯಿ ತುಂಬ ಮಣ್ಣು, ಕಹಿ. ಎಳೆದಳು. ದಾರ ಸಡಿಲವಾಯಿತು.

ಮಗುವಿನ ಮುಷ್ಟಿ ಬಿಚ್ಚಿಕೊಂಡಿತು. ಹಣೆಯ ಮೇಲೆ ಬೆವರು ಮೂಡಿತು. ಉಸಿರಿನಲ್ಲಿ ಮಣ್ಣಿನ ವಾಸನೆ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಪೂನಮ ಎದ್ದು ಕುಳಿತಳು. "ರೇವೂ," ಎಂದಳು ಅಕ್ಕನಾಗಮ್ಮ ಕಡೆಯ ಆಸೆಯಿಂದ. ಮಗು ಅವಳ ತೊಡೆಯಿಂದ ಸಂಕೋಚದಿಂದ ಕೆಳಗಿಳಿಯಿತು. ಹೊರಡುವಾಗ ಇಬ್ಬರು ತಾಯಂದಿರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಊರ ಬಸ್ ನಿಲ್ದಾಣದಲ್ಲಿ ಪೂನಮ ತುಳಜಾಬಾಯಿಯ ಪಕ್ಕ ಕುಳಿತು ಮತ್ತೆ ತನ್ನ ಮರಾಠಿಯಲ್ಲೇ ಮಾತಾಡಿದಳು. ಬಾಬಾ ಸೂರತ್ತಿಂದ ಬಂದರೇ ಎಂದು ಕೇಳಿದಳು. ಸಾಲೆಯ ಗೆಳತಿಯರ ಹೆಸರು ಹೇಳಿದಳು. ಎಲ್ಲ ನೆನಪಿತ್ತು. ಬಸ್ಸು ಬಂದು ನಿಂತಾಗ ಶೀತಲ ಕೈ ಚಾಚಿದಳು. ಮಗು ಹಿಡಿಯಲಿಲ್ಲ. ಹೊರಗಿನ ಹೆಂಗಸನ್ನು ಚಿಕ್ಕಮ್ಮ ಎಂದು ಕರೆಯುವ ಮರ್ಯಾದೆಯಿಂದ ಮರಾಠಿಯಲ್ಲಿ ಕೇಳಿತು.

"ಕಾಕು, ನಿಮ್ಮ ಮನೆ ಎಲ್ಲಿ?"

"ಸೋಲಾಪುರದಾಗ. ನಿಮ್ಮ ಬಾಬಾನೂ ಅಲ್ಲೇ ಬರತಾರ," ಎಂದಳು ಶೀತಲ. ಮರಾಠಿಯಲ್ಲಿ ಹೇಳಬೇಕೆಂಬುದೂ ಆ ಹೊತ್ತಿನಲ್ಲಿ ಮರೆತುಹೋಗಿತ್ತು ಅವಳಿಗೆ. "ಬರ್ತೀ ಏನು, ನನ್ನ ಕೂಡ?"

ಹೋಗಲೇ ಎಂದು ಕೇಳುವವಳಂತೆ ಪೂನಮ ತುಳಜಾಬಾಯಿಯ ಮುಖ ನೋಡಿದಳು.